ಕನ್ವರ್ಟ್ ಮಾಡಿದರೆ ಹಳೆಯ ಹಾಡು ಎಚ್‌ಡಿ ಆಗುತ್ತದೆಯೇ? ಆಡಿಯೊ–ವಿಡಿಯೊ ಕನ್ವರ್ಟರ್‌ಗಳ ಸತ್ಯ ಮತ್ತು ಮಿಥ್ಯೆ

ಮಾರ್ಗಶಿರ ಮಾಸ ಬಂತೆಂದರೆ ಹುಮನಾಬಾದ್, ಬಸವಕಲ್ಯಾಣ ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಭಜನೆಯ ಫೈಲುಗಳು ಓಡಾಡತೊಡಗುತ್ತವೆ. ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿಯ ಉತ್ಸವ. ಅಲ್ಲಿ ನೆಲೆಸಿದ್ದ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದಿ ಸೇರಿದಂತೆ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದವರು. ಆ ಪದಗಳನ್ನು ಹಾಡುತ್ತ ಬೆಳೆದ ಮನೆಗಳು ಈ ಭಾಗದಲ್ಲಿ ಬಹಳ. ಅಂಥ ಮನೆಗಳ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ ಒಂದಾದರೂ ಇರುತ್ತದೆ.

ನಮ್ಮ ಮನೆಯಲ್ಲೂ ಒಂದಿತ್ತು. ಆಯಿ ಮತ್ತು ಅವರ ಜತೆಯ ಹೆಂಗಸರು ಹಾಡಿದ ಭಜನೆ. ಸುಮಾರು ಹದಿನೈದು ವರ್ಷದ ಹಿಂದೆ ಅದನ್ನು ಒಂದು ಅಂಗಡಿಯಲ್ಲಿ ಎಂಪಿ3 ಮಾಡಿಸಿದೆವು. ಮೆಮೊರಿ ಕಾರ್ಡಿನಲ್ಲಿ ಜಾಗ ಉಳಿಯಲೆಂದು ಅವರು 64 ಕೆಬಿಪಿಎಸ್‌ಗೆ ಇಳಿಸಿ ಕೊಟ್ಟರು. "ಇನ್ನು ಇದ್ಯಾಕ" ಎಂದು ಕ್ಯಾಸೆಟ್ಟನ್ನು ಮನೆಯವರೇ ಎಸೆದರು. ಕಳೆದ ವರ್ಷ ಕಾಕಾ ಆ ಫೈಲನ್ನು ನನಗೆ ಕಳಿಸಿ, "ಯವ್ವಾ, ಇದನ್ನ 320 ಮಾಡಿ ಎಚ್‌ಡಿ ಮಾಡಿ ಕೊಡು, ಆ್ಯಪ್‌ನಾಗ ಆಗ್ತದಂತ" ಎಂದರು. ಜತೆಗೇ ಒಂದು ಫಾರ್ವರ್ಡ್: "ಈ ಕನ್ವರ್ಟರ್ ಹಾಕಿಕೊಳ್ಳಿ, ಹಳೆಯ ಹಾಡು ಸ್ಟುಡಿಯೊ ಕ್ವಾಲಿಟಿ ಆಗುತ್ತದೆ."

ಆಗುತ್ತದೆಯೇ? ಇಲ್ಲ. ಏಕೆ ಆಗುವುದಿಲ್ಲ, ಕನ್ವರ್ಟರ್ ನಿಜವಾಗಿ ಏನು ಮಾಡುತ್ತದೆ, ಯಾವಾಗ ಬೇಕು, ಯಾವಾಗ ಅಪಾಯ ಎಂಬುದನ್ನು ಇಲ್ಲಿ ನೋಡೋಣ.

ಚುಟುಕಾಗಿ

- ಕನ್ವರ್ಟರ್ ಫೈಲಿನ ರೂಪ ಬದಲಿಸುತ್ತದೆ. ಕಳೆದುಹೋದ ಧ್ವನಿಯನ್ನು ವಾಪಸ್ ತರುವುದಿಲ್ಲ.
- ಎಂಪಿ3ಯಿಂದ ಎಂಪಿ3ಗೆ ಪದೇ ಪದೇ ಬದಲಿಸಿದರೆ ಪ್ರತಿ ಸಲವೂ ಸ್ವಲ್ಪ ಹಾಳಾಗುತ್ತದೆ.
- ಮೂಲ ಪ್ರತಿಯನ್ನು ಎಂದೂ ಅಳಿಸಬೇಡಿ. ಬದಲಿಸುವುದಿದ್ದರೆ ಪ್ರತಿ ಸಲ ಮೂಲದಿಂದಲೇ ಬದಲಿಸಿ.
- ಫಾರ್ವರ್ಡ್‌ನಲ್ಲಿ ಬಂದ ಎಪಿಕೆ ಕನ್ವರ್ಟರನ್ನು ಹಾಕಿಕೊಳ್ಳಬೇಡಿ.

ಫೈಲ್ ಎಂದರೆ ಡಬ್ಬಿ, ಒಳಗಿರುವುದು ಬುತ್ತಿ

ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4, ಎಂಕೆವಿ, ಎವಿಐ ಎಂದಿರುತ್ತದಲ್ಲ, ಅದು ಡಬ್ಬಿಯ ಹೆಸರು. ಡಬ್ಬಿಯೊಳಗೆ ಚಿತ್ರ ಒಂದು ಕಡೆ, ಧ್ವನಿ ಇನ್ನೊಂದು ಕಡೆ ಇರುತ್ತವೆ. ಇವುಗಳನ್ನು ಹಿಂಡಿ ಚಿಕ್ಕದು ಮಾಡುವ, ಮತ್ತೆ ಬಿಡಿಸಿ ತೋರಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಚಿತ್ರಕ್ಕೆ ಎಚ್.264, ಎಚ್.265, ಎವಿ1, ಧ್ವನಿಗೆ ಎಂಪಿ3, ಎಎಸಿ, ಓಪಸ್ ಇವು ಇಂದು ಹೆಚ್ಚು ಬಳಕೆಯಲ್ಲಿರುವ ಕೋಡೆಕ್‌ಗಳು.

ಇದು ಗೊತ್ತಿದ್ದರೆ ದಿನನಿತ್ಯದ ಕೆಲವು ಗೊಂದಲ ಬಿಡಿಸಿಕೊಳ್ಳಬಹುದು. ಪೆನ್‌ಡ್ರೈವ್ ಟಿವಿಗೆ ಹಾಕಿದಾಗ ಚಿತ್ರ ಬರುತ್ತದೆ, ಧ್ವನಿ ಬರುವುದಿಲ್ಲ. ಫೈಲ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಡಬ್ಬಿಯನ್ನು ಟಿವಿ ತೆರೆದಿರುತ್ತದೆ, ಒಳಗಿನ ಧ್ವನಿಯ ಕೋಡೆಕ್ ಮಾತ್ರ ಅದಕ್ಕೆ ಬರುವುದಿಲ್ಲ. ಆಗ ಇಡೀ ಸಿನಿಮಾ ಕನ್ವರ್ಟ್ ಮಾಡಬೇಕಿಲ್ಲ, ಧ್ವನಿಯನ್ನಷ್ಟೇ ಎಎಸಿಗೆ ಬದಲಿಸಿದರೆ ಸಾಕು.

ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಓಪಸ್ ರೂಪದಲ್ಲಿರುತ್ತದೆ. 2012ರಲ್ಲಿ ಇಂಟರ್ನೆಟ್ ಮಾನದಂಡವಾದ ಈ ಕೋಡೆಕ್ ಮಾತಿಗೆ ಬಹಳ ಒಳ್ಳೆಯದು. ಆದರೆ ಟ್ರ್ಯಾಕ್ಟರಿನ ಅಥವಾ ಹಳೆಯ ಕಾರಿನ ಪ್ಲೇಯರಿಗೆ ಅದು ತಿಳಿಯದೇ ಇರಬಹುದು. ಕೆಲವರು ಫೈಲಿನ ಹೆಸರಿನಲ್ಲಿ "ಓಪಸ್" ಅಳಿಸಿ "ಎಂಪಿ3" ಎಂದು ಬರೆದುಬಿಡುತ್ತಾರೆ. ಹೆಸರು ಬದಲಾಯಿತೇ ಹೊರತು ಫೈಲ್ ಬದಲಾಗಲಿಲ್ಲ. ಚಟ್ನಿ ಡಬ್ಬಿಯ ಮೇಲೆ ತುಪ್ಪ ಎಂದು ಬರೆದರೆ ಒಳಗಿರುವುದು ಚಟ್ನಿಯೇ.

ಕನ್ವರ್ಟರ್ ಎರಡು ರೀತಿಯ ಕೆಲಸ ಮಾಡುತ್ತದೆ. ಒಂದು, ಒಳಗಿನದನ್ನು ಮುಟ್ಟದೆ ಡಬ್ಬಿ ಮಾತ್ರ ಬದಲಿಸುವುದು. ಇದು ಕೆಲವೇ ಸೆಕೆಂಡಿನ ಕೆಲಸ, ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ. ಇನ್ನೊಂದು, ಒಳಗಿನದನ್ನು ಬಿಡಿಸಿ, ಬೇರೆ ಕೋಡೆಕ್‌ನಲ್ಲಿ ಮತ್ತೆ ಹಿಂಡುವುದು. ಇದಕ್ಕೆ ಸಮಯ ಹಿಡಿಯುತ್ತದೆ. ಗುಣಮಟ್ಟ ಕಳೆದುಹೋಗುವುದು ಇಲ್ಲಿಯೇ.

ಎಂಪಿ3 ಹೇಗೆ ಚಿಕ್ಕದಾಗುತ್ತದೆ?

ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಎಡ ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೊಬಿಟ್. ನಾಲ್ಕು ನಿಮಿಷದ ಹಾಡಿಗೆ 42 ಎಂಬಿ. ಅದೇ ಹಾಡು 128 ಕೆಬಿಪಿಎಸ್ ಎಂಪಿ3 ಆದರೆ 4 ಎಂಬಿಗಿಂತ ಕಡಿಮೆ. ಹನ್ನೊಂದರಲ್ಲಿ ಒಂದು ಪಾಲು. ಉಳಿದ ಹತ್ತು ಪಾಲು ಎಲ್ಲಿ ಹೋಯಿತು?

ನಮ್ಮ ಕಿವಿಯ ಒಂದು ದೌರ್ಬಲ್ಯದಲ್ಲಿ ಉತ್ತರವಿದೆ. ಜೋರಾದ ಶಬ್ದದ ಪಕ್ಕದಲ್ಲಿರುವ ಸಣ್ಣ ಶಬ್ದ ನಮಗೆ ಕೇಳಿಸುವುದಿಲ್ಲ. ಜಾಗಟೆ ಬಾರಿಸುವಾಗ ಪಕ್ಕದವರ ಪಿಸುಮಾತು ಕೇಳದು. ಎಂಪಿ3 ಹಾಡನ್ನು ಸೆಕೆಂಡಿನ ಸುಮಾರು ನಲವತ್ತರಲ್ಲಿ ಒಂದು ಭಾಗದಷ್ಟು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲೂ ಕಿವಿಗೆ ಹೇಗೂ ಕೇಳಿಸದ ಭಾಗ ಯಾವುದೆಂದು ಲೆಕ್ಕ ಹಾಕಿ, ಅದನ್ನು ಬಿಟ್ಟುಬಿಡುತ್ತದೆ ಅಥವಾ ಒರಟಾಗಿ ಬರೆಯುತ್ತದೆ. ಬಿಟ್ಟದ್ದನ್ನು ಎಲ್ಲಿಯೂ ಇಟ್ಟುಕೊಳ್ಳುವುದಿಲ್ಲ. ಈ ಮಾತು ನೆನಪಿರಲಿ.

ಈ ವಿಧಾನದ ಹಿಂದೆ ಜರ್ಮನಿಯ ಎರ್ಲಾಂಗೆನ್‌ನ ಫ್ರಾನ್‌ಹೋಫರ್ ಸಂಸ್ಥೆಯ ದೊಡ್ಡ ಪಾಲಿದೆ. ಅಲ್ಲಿನ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ವಾದ್ಯಗಳಿಲ್ಲದ ಒಂಟಿ ದನಿಯ ಒಂದು ಹಾಡನ್ನು, ಸುಜಾನ್ ವೇಗಾ ಅವರ 'ಟಾಮ್ಸ್ ಡೈನರ್' ಅನ್ನು, ಮತ್ತೆ ಮತ್ತೆ ಕೇಳಿ ಪರೀಕ್ಷಿಸಿದರು. ಮನುಷ್ಯನ ಬರಿ ದನಿಯಲ್ಲಿ ದೋಷ ಬೇಗ ಗೊತ್ತಾಗುತ್ತದೆ ಎಂಬುದು ಕಾರಣ. 'ಎಂಪಿ3' ಎಂಬ ಫೈಲ್ ಹೆಸರನ್ನು ಅವರ ತಂಡ 1995ರ ಜುಲೈನಲ್ಲಿ ನಿರ್ಧರಿಸಿತು.

ಬಿಟ್‌ರೇಟ್ ಸಾಕಷ್ಟಿದ್ದರೆ ಬಹಳಷ್ಟು ಜನರಿಗೆ ಸಿಡಿಗೂ ಎಂಪಿ3ಗೂ ವ್ಯತ್ಯಾಸ ತಿಳಿಯದು. ಬಿಟ್‌ರೇಟ್ ಕಡಿಮೆಯಾದಾಗ ಭಜನೆಯಂಥ ಸಂಗೀತಕ್ಕೇ ಮೊದಲು ಪೆಟ್ಟು. ತಾಳದ ಝಣತ್ಕಾರದಲ್ಲಿ ಎತ್ತರದ ಆವರ್ತನಗಳು ತುಂಬಿರುತ್ತವೆ. 64 ಕೆಬಿಪಿಎಸ್‌ನಲ್ಲಿ ಅದು ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ತಬಲಾದ ಪೆಟ್ಟು ಮೊನೆ ಕಳೆದುಕೊಂಡು ಮಂಕಾಗುತ್ತದೆ. ಆಯಿಯ ಫೈಲಿನಲ್ಲಿ ನನಗೆ ಕೇಳಿಸುವುದು ಇದೇ. ಹಾಡಿದವರ ದನಿ ಇದೆ, ತಾಳ ಮಾತ್ರ ತಾಳವಾಗಿ ಉಳಿದಿಲ್ಲ.

ಮಿಥ್ಯೆ 1: 128ನ್ನು 320 ಮಾಡಿದರೆ ಗುಣಮಟ್ಟ ಹೆಚ್ಚುತ್ತದೆ

ಸುಳ್ಳು. ಒಂದು ಚೊಂಬು ನೀರನ್ನು ಕೊಡಕ್ಕೆ ಸುರಿದರೆ ಕೊಡದಲ್ಲಿ ಇರುವುದು ಒಂದು ಚೊಂಬು ನೀರೇ. ನಾಲ್ಕು ನಿಮಿಷದ ಹಾಡು 3.8 ಎಂಬಿಯಿಂದ 9.6 ಎಂಬಿ ಆಗುತ್ತದೆ, ಫೋನಿನಲ್ಲಿ ಜಾಗ ಹೋಗುತ್ತದೆ, ಅಷ್ಟೇ. ವೇವ್ ಅಥವಾ ಫ್ಲ್ಯಾಕ್ ಮಾಡಿದರೂ ಇದೇ ಕಥೆ.

ಇನ್ನೂ ಒಂದು ವಿಷಯವಿದೆ. ಎಂಪಿ3ಯನ್ನು ಬಿಡಿಸಿ ಮತ್ತೆ ಎಂಪಿ3 ಮಾಡುವಾಗ ಅದು ಹೊಸದಾಗಿ ಲೆಕ್ಕ ಹಾಕಿ ಇನ್ನಷ್ಟು ಬಿಡುತ್ತದೆ. ಜೆರಾಕ್ಸಿನ ಜೆರಾಕ್ಸ್ ಮಾಡಿಸಿದಂತೆ. ಒಂದೆರಡು ಸಲಕ್ಕೆ ಗೊತ್ತಾಗದೇ ಇರಬಹುದು, ಐದಾರು ಸಲ ಆದಮೇಲೆ ಅಕ್ಷರ ಮಸುಕಾಗುತ್ತದೆ.

ಯೂಟ್ಯೂಬಿನಿಂದ "320 ಕೆಬಿಪಿಎಸ್ ಎಂಪಿ3" ಇಳಿಸಿಕೊಡುತ್ತೇವೆ ಎನ್ನುವ ತಾಣಗಳದ್ದೂ ಇದೇ ಲೆಕ್ಕ. ಸಾಮಾನ್ಯ ವಿಡಿಯೊಗಳ ಧ್ವನಿಯನ್ನು ಯೂಟ್ಯೂಬ್ ಸುಮಾರು 128ರಿಂದ 160 ಕೆಬಿಪಿಎಸ್‌ನ ಎಎಸಿ ಅಥವಾ ಓಪಸ್ ರೂಪದಲ್ಲಿ ಕೊಡುತ್ತದೆ. ಅಲ್ಲಿಲ್ಲದ 320 ಇಲ್ಲಿ ಎಲ್ಲಿಂದ ಬಂದೀತು?

ಮಿಥ್ಯೆ 2: 432 ಹರ್ಟ್ಜ್‌ಗೆ ಬದಲಿಸಿ ಕೇಳಿದರೆ ರೋಗ ವಾಸಿಯಾಗುತ್ತದೆ

ಪಾಶ್ಚಾತ್ಯ ವಾದ್ಯಗಳನ್ನು ಶ್ರುತಿ ಮಾಡಲು 'ಎ' ಸ್ವರ 440 ಹರ್ಟ್ಜ್ ಎಂಬುದು ಅಂತಾರಾಷ್ಟ್ರೀಯ ಮಾನದಂಡ. ಇದನ್ನು 432ಕ್ಕೆ ಇಳಿಸಿದರೆ ದೇಹಕ್ಕೆ ಒಳ್ಳೆಯದು ಎಂಬ ಫಾರ್ವರ್ಡ್ ಹಳೆಯದು. ಕನ್ವರ್ಟರ್ ಇಲ್ಲಿ ಮಾಡುವುದು ಇಡೀ ಹಾಡಿನ ಶ್ರುತಿಯನ್ನು ಹಾರ್ಮೋನಿಯಂನ ಒಂದು ಮನೆಯ ಸುಮಾರು ಮೂರನೇ ಒಂದು ಭಾಗದಷ್ಟು ಕೆಳಗಿಳಿಸುವುದು. ಅದರಿಂದ ರೋಗ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ.

ನಮ್ಮ ಸಂಗೀತಕ್ಕಂತೂ ಈ ವಾದ ಹೊಂದುವುದೇ ಇಲ್ಲ. ನಮ್ಮಲ್ಲಿ ಷಡ್ಜಕ್ಕೆ ನಿಶ್ಚಿತ ಹರ್ಟ್ಜ್ ಇಲ್ಲ. ಹಾಡುವವರ ಕಂಠಕ್ಕೆ ತಕ್ಕಂತೆ ಕಾಳಿ ಏಕ್, ಕಾಳಿ ದೋನ್ ಎಂದು ಪಟ್ಟಿ ಹಿಡಿಯುತ್ತಾರೆ. ಒಂದೇ ಪದವನ್ನು ಗಂಡಸರು ಒಂದು ಶ್ರುತಿಯಲ್ಲಿ, ಹೆಂಗಸರು ಇನ್ನೊಂದರಲ್ಲಿ ಹಾಡುತ್ತಾರೆ. ಸಾಲದ್ದಕ್ಕೆ ಹಳೆಯ ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲಾಗಿದ್ದರೆ ಕ್ಯಾಸೆಟ್ಟಿನ ಶ್ರುತಿ ಇದಕ್ಕಿಂತ ಹೆಚ್ಚು ಏರುಪೇರಾಗಿರುತ್ತದೆ. ಮನಸ್ಸಿಗೆ ಹಿತವೆನಿಸಿದರೆ ಕೇಳಿ. ಮಾತ್ರೆ ಬಿಡಬೇಡಿ.

"8ಡಿ ಆಡಿಯೊ" ಕೂಡ ಹೀಗೆಯೇ. ಅದರಲ್ಲಿ ಎಂಟು ಆಯಾಮಗಳಿಲ್ಲ. ಧ್ವನಿಯನ್ನು ಎಡದಿಂದ ಬಲಕ್ಕೆ ತಿರುಗಿಸಿ ಸ್ವಲ್ಪ ಪ್ರತಿಧ್ವನಿ ಸೇರಿಸಿರುತ್ತಾರೆ.

ಮಿಥ್ಯೆ 3: ಎಂಪಿ3 ಸತ್ತುಹೋಗಿದೆ, ವಿಎಲ್‌ಸಿ ನಿಷೇಧವಾಗಿದೆ

2017ರ ಏಪ್ರಿಲ್‌ನಲ್ಲಿ ಫ್ರಾನ್‌ಹೋಫರ್ ಸಂಸ್ಥೆ ಎಂಪಿ3ಯ ಪರವಾನಗಿ ಕಾರ್ಯಕ್ರಮ ನಿಲ್ಲಿಸಿತು. "ಎಂಪಿ3 ಇನ್ನಿಲ್ಲ" ಎಂದು ಸುದ್ದಿಯಾಯಿತು. ಆದದ್ದು ಅದಕ್ಕೆ ಪೂರ್ತಿ ವಿರುದ್ಧ. ಪೇಟೆಂಟ್ ಅವಧಿ ಮುಗಿದು, ಹಣ ಕೊಡದೆ ಯಾರು ಬೇಕಾದರೂ ಬಳಸುವಂತಾಯಿತು.

ವಿಎಲ್‌ಸಿ ಕಥೆ ಬೇರೆ. 2022ರಲ್ಲಿ ಅದರ ಜಾಲತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ ಎಂಬುದು ನಿಜ. ಅದೇ ವರ್ಷ ನವೆಂಬರ್‌ನಲ್ಲಿ ಆ ತಡೆ ತೆರವಾಯಿತು. ಇಂದು "ವಿಎಲ್‌ಸಿ ನಿಷೇಧ, ಕೂಡಲೇ ಅಳಿಸಿ, ಬದಲಿಗೆ ಇದನ್ನು ಹಾಕಿ" ಎಂದು ಯಾರಾದರೂ ಕಳಿಸಿದರೆ, ಆ "ಇದನ್ನು" ಎಂಬುದರ ಮೇಲೆ ಅನುಮಾನವಿರಲಿ.

ನಂಬಬಹುದಾದ ತಂತ್ರಾಂಶಗಳು ಯಾವುವು?

ಉಚಿತವಾದ, ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ತಂತ್ರಾಂಶಗಳೇ ಈ ಕೆಲಸಕ್ಕೆ ಸಾಕು.

- ಎಫ್‌ಎಫ್‌ಎಂಪೆಗ್: ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ 2000ದಲ್ಲಿ ಆರಂಭಿಸಿದ್ದು. ಬಟನ್‌ಗಳಿಲ್ಲ, ಆದೇಶ ಟೈಪ್ ಮಾಡಬೇಕು. ಬೇರೆ ಬೇರೆ ಹೆಸರಿನಲ್ಲಿ ಬರುವ ಅನೇಕ ಕನ್ವರ್ಟರ್‌ಗಳ ಒಳಗೆ ಕೆಲಸ ಮಾಡುವುದು ಇದೇ.
- ವಿಎಲ್‌ಸಿ: ಪ್ಯಾರಿಸ್ಸಿನ ವಿದ್ಯಾರ್ಥಿಗಳ ಯೋಜನೆಯಾಗಿ 1996ರಲ್ಲಿ ಶುರುವಾದದ್ದು. ಪ್ಲೇಯರ್ ಎಂದೇ ನಮಗೆ ಪರಿಚಯ. ಕಂಪ್ಯೂಟರ್ ಆವೃತ್ತಿಯಲ್ಲಿ ಕನ್ವರ್ಟ್ ಮಾಡುವ ಸೌಲಭ್ಯವೂ ಇದೆ.
- ಹ್ಯಾಂಡ್‌ಬ್ರೇಕ್: ವಿಡಿಯೊಗೆ. ಮದುವೆಯ ದೊಡ್ಡ ವಿಡಿಯೊವನ್ನು ಚಿಕ್ಕದು ಮಾಡಲು ಅನುಕೂಲ.
- ಅಡಾಸಿಟಿ: ಧ್ವನಿ ಮುದ್ರಿಸಲು, ಕತ್ತರಿಸಲು, ಬೇರೆ ರೂಪದಲ್ಲಿ ಉಳಿಸಲು.

ಎಲ್ಲಿಂದ ಇಳಿಸಿಕೊಳ್ಳುತ್ತೇವೆ ಎಂಬುದೂ ಮುಖ್ಯ. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್ ತಂತ್ರಾಂಶದ ಒಂದು ಡೌನ್‌ಲೋಡ್ ಸರ್ವರಿಗೇ ನುಗ್ಗಿದ ಕಳ್ಳರು, ಮ್ಯಾಕ್ ಕಂಪ್ಯೂಟರಿನ ಆವೃತ್ತಿಯಲ್ಲಿ ಕುತಂತ್ರಾಂಶ ಸೇರಿಸಿಟ್ಟಿದ್ದರು. ಕೆಲವು ದಿನಗಳಲ್ಲಿ ಪತ್ತೆಯಾಯಿತು, ಯೋಜನೆಯವರೇ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟರು. ಒಳ್ಳೆಯ ತಂತ್ರಾಂಶಕ್ಕೇ ಹೀಗಾದರೆ, ಯಾರೋ ಕಳಿಸಿದ ಎಪಿಕೆಯ ಪಾಡೇನು?

2025ರ ಮಾರ್ಚ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿ ಇದೇ ವಿಷಯಕ್ಕೆ ಎಚ್ಚರಿಕೆ ನೀಡಿತು. ಉಚಿತವಾಗಿ ಫೈಲ್ ಕನ್ವರ್ಟ್ ಮಾಡಿಕೊಡುವ ಕೆಲವು ಆನ್‌ಲೈನ್ ತಾಣಗಳು ಹೇಳಿದ ಕೆಲಸವನ್ನು ಮಾಡಿಕೊಡುತ್ತವೆ, ಆದರೆ ಫೈಲಿನ ಜತೆ ಕುತಂತ್ರಾಂಶವನ್ನೂ ಕಳಿಸುತ್ತವೆ ಎಂದು. ಕೆಲಸ ಆಗುವುದರಿಂದ ಮೋಸ ಹೋದದ್ದು ಗೊತ್ತೇ ಆಗುವುದಿಲ್ಲ.

ಆದ್ದರಿಂದ ಹೀಗೆ ಮಾಡಿ:

- ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದ ಅಥವಾ ಪ್ಲೇ ಸ್ಟೋರಿನಿಂದ ಮಾತ್ರ ಪಡೆಯಿರಿ.
- ಹಾಡು ಕನ್ವರ್ಟ್ ಮಾಡುವ ಆ್ಯಪ್ ನಿಮ್ಮ ಎಸ್‌ಎಂಎಸ್, ಕಾಂಟ್ಯಾಕ್ಟ್ಸ್ ಅಥವಾ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಕೊಡಬೇಡಿ, ಆ್ಯಪ್ ತೆಗೆದುಹಾಕಿ. ಎಸ್‌ಎಂಎಸ್ ಓದಬಲ್ಲ ಆ್ಯಪ್ ನಿಮ್ಮ ಬ್ಯಾಂಕಿನ ಒಟಿಪಿಯನ್ನೂ ಓದಬಲ್ಲದು.
- ಆನ್‌ಲೈನ್ ತಾಣಕ್ಕೆ ಫೈಲ್ ಹಾಕಿದರೆ ಅದರ ಒಂದು ಪ್ರತಿ ಬೇರೆಯವರ ಕಂಪ್ಯೂಟರಿಗೆ ಹೋಯಿತೆಂದೇ ತಿಳಿಯಿರಿ. ಮನೆಯ ಮಾತು, ಮಕ್ಕಳ ವಿಡಿಯೊ, ಕೋರ್ಟು ಕಚೇರಿಗೆ ಸಂಬಂಧಿಸಿದ ಧ್ವನಿಮುದ್ರಣ ಅಲ್ಲಿ ಹಾಕಬೇಡಿ.
- ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಕ್ಯಾಸೆಟ್ಟನ್ನು ಸರಿಯಾಗಿ ಡಿಜಿಟಲ್ ಮಾಡುವುದು ಹೇಗೆ?

ನಿಮ್ಮ ಮನೆಯ ಕ್ಯಾಸೆಟ್ ಇನ್ನೂ ಇದ್ದರೆ ನೀವು ನಮಗಿಂತ ಅದೃಷ್ಟವಂತರು. ಕ್ಯಾಸೆಟ್ ಟೇಪ್ ವರ್ಷ ಕಳೆದಂತೆ ಹಾಳಾಗುತ್ತದೆ, ಶೀಲಿಂಧ್ರ ಹಿಡಿಯುತ್ತದೆ, ಬಾಜಿಸುವ ಯಂತ್ರವೂ ಅಪರೂಪವಾಗುತ್ತಿದೆ. ಮುಂದೂಡಬೇಡಿ.

1. ಟೇಪಿನ ಮೇಲೆ ಬಿಳಿ ಪುಡಿಯಂಥ ಶೀಲಿಂಧ್ರವಿದ್ದರೆ ಹಾಕಿ ನೋಡಬೇಡಿ, ತಿಳಿದವರಿಗೆ ತೋರಿಸಿ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ.
2. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ.
3. ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಬೇಡಿ. ಫ್ಯಾನಿನ ಸದ್ದು, ಕುಕ್ಕರಿನ ಸೀಟಿ ಎಲ್ಲವೂ ಸೇರುತ್ತದೆ. ಹೆಡ್‌ಫೋನ್ ಅಥವಾ ಲೈನ್ ಔಟ್ ತೂತಿನಿಂದ ಕೇಬಲ್ ಹಾಕಿ ಕಂಪ್ಯೂಟರಿನ ಲೈನ್ ಇನ್‌ಗೆ ಜೋಡಿಸಿ. ಲ್ಯಾಪ್‌ಟಾಪಿನಲ್ಲಿ ಅದಿಲ್ಲದಿದ್ದರೆ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು.
4. ಅಡಾಸಿಟಿಯಲ್ಲಿ ಮುದ್ರಿಸಿ. ಧ್ವನಿಯ ಮಟ್ಟ ಕೆಂಪು ಗೆರೆ ಮುಟ್ಟದಂತೆ ನೋಡಿಕೊಳ್ಳಿ. ಅಲ್ಲಿ ಒಡೆದ ಧ್ವನಿ ಮತ್ತೆ ಕೂಡುವುದಿಲ್ಲ.
5. ಧ್ವನಿ ದಾಖಲಾಗಾರಗಳ ಅಂತಾರಾಷ್ಟ್ರೀಯ ಸಂಘ ಕನಿಷ್ಠ 48 ಕಿಲೊಹರ್ಟ್ಜ್, 24 ಬಿಟ್ ಇರಲಿ ಎನ್ನುತ್ತದೆ. ವೇವ್ ಅಥವಾ ಫ್ಲ್ಯಾಕ್ ಆಗಿ ಉಳಿಸಿ. ಫ್ಲ್ಯಾಕ್ ಏನನ್ನೂ ಬಿಡದೆ ಚಿಕ್ಕದಾಗಿಸುತ್ತದೆ, ಬೇಕೆಂದಾಗ ಮೂಲ ಅಂಕೆಗಳೇ ವಾಪಸ್ ಬರುತ್ತವೆ.
6. ಸರ್‍ ಎನ್ನುವ ಸದ್ದನ್ನು ಮೂಲ ಪ್ರತಿಯಲ್ಲಿ ತೆಗೆಯಬೇಡಿ. ಅದರ ನಕಲು ಮಾಡಿ, ನಕಲಿನಲ್ಲಿ ತೆಗೆಯಿರಿ. ನಾಳೆ ಇನ್ನೂ ಒಳ್ಳೆಯ ತಂತ್ರಾಂಶ ಬರಬಹುದು.
7. ಯಾರು ಹಾಡಿದ್ದು, ಎಲ್ಲಿ, ಯಾವ ವರ್ಷ ಎಂದು ಫೈಲಿನ ಹೆಸರಿನಲ್ಲೇ ಬರೆಯಿರಿ. ಮೂರು ಪ್ರತಿ ಇಡಿ, ಎರಡು ಬೇರೆ ರೀತಿಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ.

ಇಷ್ಟಾದ ಮೇಲೆ ಗ್ರೂಪಿಗೆ ಕಳಿಸಲು ಅದರಿಂದ 192 ಕೆಬಿಪಿಎಸ್ ಎಂಪಿ3 ಮಾಡಿಕೊಳ್ಳಿ. ಆ ಎಂಪಿ3 ಕಳೆದರೂ ಚಿಂತೆಯಿಲ್ಲ, ಮೂಲ ಇದೆಯಲ್ಲ. ಹಂಚುವಾಗ ಇನ್ನೊಂದು ಸೂಚನೆ: ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊವನ್ನು ನೇರವಾಗಿ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. 2 ಜಿಬಿವರೆಗೆ ಕಳಿಸಬಹುದು.

ಹಂಚುವ ಮೊದಲು: ಹಾಡು ಯಾರದು?

ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯಕ್ಕೆ ರಚಿಸಿದವರ ಜೀವಿತಾವಧಿ ಮತ್ತು ಆನಂತರ 60 ವರ್ಷ ರಕ್ಷಣೆ. ಧ್ವನಿಮುದ್ರಣಕ್ಕೆ ಪ್ರಕಟವಾದ ನಂತರ 60 ವರ್ಷ. ಹತ್ತೊಂಬತ್ತನೇ ಶತಮಾನದ ಒಂದು ಪದವನ್ನು ಯಾರು ಬೇಕಾದರೂ ಹಾಡಬಹುದು. ಅದೇ ಪದವನ್ನು 1990ರಲ್ಲಿ ಒಂದು ಕಂಪನಿ ಕ್ಯಾಸೆಟ್ ಮಾಡಿ ಮಾರಿದ್ದರೆ ಆ ಮುದ್ರಣದ ಹಕ್ಕು ಇನ್ನೂ ಇದೆ. ಫೈಲಿನ ರೂಪ ಬದಲಿಸಿದರೆ ಹಕ್ಕು ಬದಲಾಗುವುದಿಲ್ಲ. ನಿಮ್ಮ ಮನೆಯವರು ಹಾಡಿ, ನೀವೇ ಮುದ್ರಿಸಿದ ಪದವಾದರೆ ಅವರ ಒಪ್ಪಿಗೆ ಪಡೆದು ನಿಶ್ಚಿಂತೆಯಿಂದ ಹಂಚಿ.

ಮೂಲವೇ ಇಲ್ಲದಿದ್ದರೆ?

ಕಾಕಾ ಅವರಿಗೆ ನಾನು ಹೇಳಿದ್ದು ಇಷ್ಟೇ. ಕ್ಯಾಸೆಟ್ ಇಲ್ಲ, ಹಾಗಾಗಿ ಈ 64 ಕೆಬಿಪಿಎಸ್ ಫೈಲೇ ಈಗ ಮೂಲ. ಅದನ್ನು 320 ಮಾಡುವುದು ಬೇಡ, ಇದ್ದಂತೆಯೇ ಇಡೋಣ. ಈಗಿನ ಕೆಲವು ಎಐ ತಂತ್ರಾಂಶಗಳು ಇಂಥ ಧ್ವನಿಯನ್ನು ತಿಳಿಯಾಗಿಸುತ್ತವೆ. ಆದರೆ ಇಲ್ಲದ ಭಾಗವನ್ನು ಅವು ಊಹಿಸಿ ತುಂಬುತ್ತವೆ. ಕೇಳಲು ಚೆನ್ನಾಗಿರಬಹುದು, ಹಾಗೆ ತುಂಬಿದ್ದು ಆಯಿಯ ದನಿಯಲ್ಲ.

ಆ ಫೈಲಿನ ಮೂರು ಪ್ರತಿ ಈಗ ನಮ್ಮಲ್ಲಿವೆ. ಅದರಲ್ಲಿ ಯಾರು ಯಾರು ಹಾಡಿದ್ದಾರೆ ಎಂದು ಕಾಕಾ ನೆನಪು ಮಾಡಿಕೊಂಡು ಹೇಳಿದರು, ನಾನು ಬರೆದುಕೊಂಡೆ. ಮುಂದಿನ ಸಲ "ಎಚ್‌ಡಿ ಮಾಡುವ ಆ್ಯಪ್" ಎಂಬ ಫಾರ್ವರ್ಡ್ ನಿಮಗೆ ಬಂದರೆ ಮುಂದೆ ಕಳಿಸುವ ಬದಲು ನಿಮ್ಮ ಮನೆಯ ಟ್ರಂಕ್ ತೆಗೆದು ನೋಡಿ. ಅದರೊಳಗೆ ಕ್ಯಾಸೆಟ್ ಇದ್ದರೆ ಎಸೆಯಬೇಡಿ.